ಅತ್ತೆ-ಮಾವನಿಗೆ ಕಳಿಸಿದ್ದು ಮನೆ ಖರ್ಚು, ನಮ್ಮಮ್ಮನಿಗೆ ಕಳಿಸಿದ್ದು ನನ್ನ ಖರ್ಚಾ?

ಸಂಜೆಮಲ್ಲಿಗೆ:
ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಇವತ್ತು ಬರೆಯದೇ ಇರಲು ಆಗಲಿಲ್ಲ. ಮದುವೆಯಾಗಿ ಎರಡು ವರ್ಷ. ಬೆಂಗಳೂರಲ್ಲಿದ್ದೇವೆ, ಇಬ್ಬರಿಗೂ ಕೆಲಸ ಇದೆ. ಅವರಿಗೆ ಕೈಗೆ 78,000 ಬರುತ್ತದೆ, ನನಗೆ 42,000. ಮದುವೆಯಾದ ಮೊದಲ ತಿಂಗಳೇ ಅವರು ಒಂದು ಎಕ್ಸೆಲ್ ಶೀಟ್ ಮಾಡಿದರು. ಎಲ್ಲ ಖರ್ಚೂ ಅರ್ಧ ಅರ್ಧ. ಆಗ ನನಗೂ ಖುಷಿಯೇ ಆಗಿತ್ತು. ನಮ್ಮಪ್ಪ ಇರುವಷ್ಟು ದಿನ ಅಮ್ಮನಿಗೆ ತನ್ನ ಸಂಬಳ ಎಷ್ಟು ಅಂತ ಹೇಳಿದವರಲ್ಲ, ಇವರು ನೋಡಿದರೆ ಎಲ್ಲ ಬಿಚ್ಚಿಟ್ಟಿದ್ದಾರಲ್ಲ ಅಂತ.

ಶೀಟ್ ಹೀಗಿದೆ. ಬಾಡಿಗೆ 22,000. ದಿನಸಿ, ತರಕಾರಿ, ಹಾಲು 12,000. ಕಾರಿನ ಇಎಂಐ 9,500. ಕರೆಂಟು, ನೀರು, ಗ್ಯಾಸು, ಇಂಟರ್ನೆಟ್ಟು 4,500. ಮನೆಕೆಲಸದವರಿಗೆ 3,000. ಊರಿಗೆ 15,000. ಒಟ್ಟು 66,000, ನನ್ನ ಪಾಲು 33,000.

"ಊರಿಗೆ" ಅಂದರೆ ಅವರ ಅಪ್ಪ-ಅಮ್ಮನಿಗೆ. ಎರಡು ವರ್ಷ ನಾನು ಆ ಸಾಲನ್ನು ನೋಡಿಯೂ ನೋಡಿರಲಿಲ್ಲ. ನಮ್ಮಮ್ಮ ಊರಲ್ಲಿ ಒಬ್ಬಳೇ ಇದ್ದಾಳೆ, ತಿಂಗಳಿಗೆ 5,000 ಕಳಿಸುತ್ತೇನೆ. ಹೋದ ತಿಂಗಳು ಅವಳ ಮೊಣಕಾಲಿನ ಖರ್ಚು ಬಂತು, ಕೈ ಬಿಗಿಯಾಯಿತು. ಅದನ್ನೂ ಶೀಟಿಗೆ ಹಾಕೋಣ ಅಂದೆ. "ಅದು ನಿನ್ನ ಪರ್ಸನಲ್ ಅಲ್ವಾ?" ಅಂದರು. ಜಗಳದ ದನಿಯಲ್ಲಿ ಅಲ್ಲ. ನಿಜವಾಗಿಯೂ ಅರ್ಥವಾಗದವರ ಹಾಗೆ. ಅದೇ ಜಾಸ್ತಿ ಚುಚ್ಚಿದ್ದು.

ಅವರು ಕೆಟ್ಟವರಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಪಾತ್ರೆ ತೊಳೆಯುತ್ತಾರೆ, ಚಪಾತಿ ನನಗಿಂತ ಚೆನ್ನಾಗಿ ಲಟ್ಟಿಸುತ್ತಾರೆ. ನಿಮ್ಮ ಮನೆಗಳಲ್ಲಿ ಇದನ್ನು ಹೇಗೆ ಮಾಡಿಕೊಂಡಿದ್ದೀರಿ?

ಬೆಣ್ಣೆದೋಸೆ:
ಎರಡು ವರ್ಷ ಸೊಸೆ ತಿಂಗಳಿಗೆ 7,500 ಕೊಟ್ಟಿದ್ದಾಳೆ ಅಂತ ನಿಮ್ಮ ಅತ್ತೆ-ಮಾವನಿಗೆ ಗೊತ್ತಾ? ಗೊತ್ತಿರಲ್ಲ ಬಿಡಿ. "ಮಗ ಕಳಿಸುತ್ತಾನೆ" ಅಂತ ಊರೆಲ್ಲ ಹೇಳಿಕೊಂಡಿರುತ್ತಾರೆ.

ಸಂಜೆಮಲ್ಲಿಗೆ:
ಗೊತ್ತಿಲ್ಲ. ನನಗೇ ಈಗ ಹೊಳೆದದ್ದು.

ಲೆಕ್ಕದಮೇಷ್ಟ್ರು:
ನಾನು ಬ್ಯಾಂಕಿನಲ್ಲಿದ್ದವನು, ಈಗ ರಿಟೈರ್ಡ್. ತಂಗೀ, ಮೊದಲು ನಿಮ್ಮ ಅಂಕಿಗಳನ್ನೇ ಸ್ವಲ್ಪ ತಿರುಗಿಸಿ ನೋಡೋಣ.

ಈಗಿನ ಲೆಕ್ಕದಲ್ಲಿ 33,000 ಕೊಟ್ಟ ಮೇಲೆ ನಿಮಗೆ ಉಳಿಯುವುದು 9,000, ಅವರಿಗೆ 45,000. ನಿಮ್ಮ 9,000ದಲ್ಲಿ ಅಮ್ಮನಿಗೆ 5,000 ಹೋದರೆ 4,000. ಬೆಂಗಳೂರಲ್ಲಿ ಒಂದು ತಿಂಗಳು, 4,000. ಅರ್ಧ ಅರ್ಧ ಅನ್ನುವುದು ಕೇಳಲು ಸಮ, ಆದರೆ ಒಬ್ಬರು ಸಂಬಳದ ನೂರಕ್ಕೆ 79 ಭಾಗ ಕೊಡುತ್ತಿದ್ದಾರೆ, ಇನ್ನೊಬ್ಬರು ನೂರಕ್ಕೆ 42 ಕೊಡುತ್ತಿದ್ದಾರೆ.

ಸಂಬಳಕ್ಕೆ ತಕ್ಕ ಹಾಗೆ ಹಂಚಿದರೆ ನಿಮ್ಮ ಪಾಲು ನೂರಕ್ಕೆ 35. ಎರಡೂ ಕಡೆಯ ಹಿರಿಯರನ್ನು ಸೇರಿಸಿ ಒಟ್ಟು 71,000 ಅಂದುಕೊಳ್ಳಿ. ನೀವು 24,850, ಅವರು 46,150. ಉಳಿಯುವುದು ನಿಮಗೆ 17,150, ಅವರಿಗೆ 31,850. ಆಗಲೂ ಅವರ ಕೈಯಲ್ಲೇ ಹೆಚ್ಚು ಇರುತ್ತದೆ. ಯಾರೂ ಬಡವರಾಗಲಿಲ್ಲ.

ನೇರಮಾತು:
ಇಷ್ಟು ಲೆಕ್ಕ ಇಡುವುದಾದರೆ ಮದುವೆ ಯಾಕೆ ಬೇಕಿತ್ತು, ಪಿಜಿಯಲ್ಲಿ ಇರಬಹುದಿತ್ತು. ನಮ್ಮ ಕಾಲದಲ್ಲಿ ಗಂಡ ತಂದು ಹಾಕುತ್ತಿದ್ದ, ಹೆಂಡತಿ ನಡೆಸುತ್ತಿದ್ದಳು, ಎಕ್ಸೆಲ್ಲೂ ಇರಲಿಲ್ಲ, ಕೋರ್ಟೂ ಇರಲಿಲ್ಲ.

ರಾಗಿಡಬ್ಬಿ:
ನೇರಮಾತು ಅವರೇ, ನಿಮ್ಮ ಕಾಲದ ಲೆಕ್ಕ ನಾನು ಕಣ್ಣಾರೆ ನೋಡಿದ್ದೇನೆ, ಹೇಳಲೇ?

2016ರ ನವೆಂಬರ್ 8, ರಾತ್ರಿ. ಟಿವಿಯಲ್ಲಿ 500, 1,000ದ ನೋಟು ನಡೆಯಲ್ಲ ಅಂದರು. ಅಪ್ಪ ಜೇಬಿನಲ್ಲಿದ್ದ ನಾಲ್ಕು ನೋಟು ತೆಗೆದು ಎಣಿಸಿ, ಅಷ್ಟೇ ಅಲ್ವಾ, ನಾಳೆ ಪೆಟ್ರೋಲ್ ಬಂಕಿನಲ್ಲಿ ಕೊಟ್ಟರಾಯಿತು ಅಂದರು. ಅಮ್ಮ ಮಾತಾಡಲಿಲ್ಲ. ಅಡುಗೆಮನೆಗೆ ಹೋಗಿ ಲೈಟ್ ಹಾಕದೇ ನಿಂತಿದ್ದಳು. ನಾನು ನೀರು ಕುಡಿಯಲು ಹೋದಾಗ ರಾಗಿ ಡಬ್ಬಿಯೊಳಗೆ ಮೊಣಕೈವರೆಗೂ ಕೈ ಹಾಕಿದ್ದಳು. ಒಂದೊಂದೇ ಸುರುಳಿ ಹೊರಗೆ ಬಂತು, ರಬ್ಬರ್ ಬ್ಯಾಂಡ್ ಹಾಕಿದ್ದು, ಹಿಟ್ಟು ಮೆತ್ತಿದ್ದು. ಎಣಿಸಿದರೆ 31,500. ಹದಿನೇಳು ವರ್ಷದ ದುಡ್ಡು.

ಅಪ್ಪ ಬೈಯಲಿಲ್ಲ. "ಇಷ್ಟು ಇಟ್ಟುಕೊಂಡು ಹೋದ ವರ್ಷ ನನ್ನ ಕೈಯಲ್ಲಿ ಸಾಲ ಮಾಡಿಸಿದೆಯಾ?" ಅಂತ ನಕ್ಕರು. ಅಮ್ಮ ಅತ್ತಳು. ದುಡ್ಡು ಹೋಗಲಿಲ್ಲ, ಬ್ಯಾಂಕಿಗೆ ಕಟ್ಟಿದೆವು. ಗೃಹಿಣಿಯರು ಎರಡೂವರೆ ಲಕ್ಷದವರೆಗೆ ಕಟ್ಟಿದರೆ ಕೇಳುವುದಿಲ್ಲ ಅಂತ ಸರ್ಕಾರವೇ ಹೇಳಿತ್ತು. ಆದರೆ ಕಟ್ಟಿದ್ದು ಯಾರ ಖಾತೆಗೆ? ಅಪ್ಪನದು. ಅಮ್ಮನಿಗೆ ಖಾತೆಯೇ ಇರಲಿಲ್ಲ. ಆಮೇಲೆ ಆ ದುಡ್ಡು ಮನೆಯ ಮೇಲಿನ ಶೀಟಿಗೆ ಹೋಯಿತು. ಎಕ್ಸೆಲ್ ಶೀಟ್ ಅಲ್ಲ, ಕಲ್ನಾರು ಶೀಟು.

ಹಾಗಾಗಿ ಲೆಕ್ಕ ಇರಲಿಲ್ಲ ಅನ್ನಬೇಡಿ. ಇತ್ತು. ಕದ್ದು ಇಡಬೇಕಿತ್ತು ಅಷ್ಟೇ.

ಬೆಣ್ಣೆದೋಸೆ:
ಕಲ್ನಾರು ಶೀಟು 😂 ನಗಬಾರದು, ಆದರೂ.

ಚಪಾತಿಸುಬ್ಬಿ:
ನಾನು ಮನೆಯಲ್ಲೇ ಇರುವವಳು. ಎರಡು ಮಕ್ಕಳು, ನಮ್ಮ ಯಜಮಾನರದು ಗ್ಯಾರೇಜು. ಈ ಅರ್ಧ ಅರ್ಧ, ನೂರಕ್ಕೆ 35 ಇವೆಲ್ಲ ಓದುವಾಗ ನನ್ನದು ನೂರಕ್ಕೆ ಎಷ್ಟು ಅಂತ ಯೋಚನೆ ಬಂತು. ಸೊನ್ನೆಯಾ?

ನಮ್ಮಲ್ಲಿ ಕೇಳಿದಾಗ ಕೊಡುತ್ತಾರೆ. ಇಲ್ಲ ಅಂದದ್ದು ಕಡಿಮೆ. ಆದರೆ ಕೇಳಬೇಕು. ಕೇಳುವ ಮುಂಚೆ ಅವರ ಮುಖ ನೋಡಬೇಕು, ಊಟ ಆಗಿದೆಯಾ, ಗ್ಯಾರೇಜಿನಲ್ಲಿ ಜಗಳ ಆಗಿದೆಯಾ, ಎಲ್ಲ ನೋಡಿಕೊಂಡು ಕೇಳಬೇಕು. ಹೋದ ವರ್ಷ ನಮ್ಮ ತಮ್ಮ ಯುಪಿಐ ಸರ್ಕಲ್ ಅಂತ ಒಂದು ಹಾಕಿಕೊಟ್ಟ. ಖಾತೆ ಅವರದು, ಫೋನ್ ನನ್ನದು, ತಿಂಗಳಿಗೆ 15,000ದವರೆಗೆ, ಒಂದು ಸಲಕ್ಕೆ 5,000ದವರೆಗೆ ನಾನೇ ಸ್ಕ್ಯಾನ್ ಮಾಡಬಹುದು. ಕೇಳುವ ಕೆಲಸ ತಪ್ಪಿತು ಅಂದುಕೊಂಡೆ. ಹೂವಿನವಳಿಗೆ 20 ರೂಪಾಯಿ ಕೊಟ್ಟರೂ ಅವರ ಫೋನು ಟಣ್ ಅನ್ನುತ್ತದೆ! ಸಂಜೆ ಬಂದು "ಇವತ್ತು ಮೂರು ಸಲ ಬೇಕರಿಗೆ ಹೋಗಿದ್ದೆಯಲ್ಲ" ಅನ್ನುತ್ತಾರೆ. ತಮಾಷೆಗೇ ಅನ್ನುವುದು. ಆದರೆ ನಾನು ನಾಲ್ಕನೇ ಸಲ ಹೋಗುವುದಿಲ್ಲ.

2023ರಿಂದ ಗೃಹಲಕ್ಷ್ಮಿ 2,000 ಬರುತ್ತಿದೆ. ಅದು ನನ್ನ ಖಾತೆಗೇ ಬರುವುದು, ಅದರ ಟಣ್ ನನ್ನ ಫೋನಿಗೇ. ಮೊದಲ ಸಲ ಬಂದಾಗ ಏನು ಮಾಡಿದೆ ಗೊತ್ತಾ, ಏನೂ ಮಾಡಲಿಲ್ಲ. ಮೂರು ತಿಂಗಳು ಹಾಗೇ ಇಟ್ಟು, ಆಗಾಗ ಬ್ಯಾಲೆನ್ಸ್ ನೋಡುತ್ತಿದ್ದೆ ಅಷ್ಟೇ.

ರಾಗಿಡಬ್ಬಿ:
ಅಕ್ಕಾ, ಕೊನೆಯ ಸಾಲು ಓದಿ ಅಮ್ಮನಿಗೆ ಫೋನ್ ಮಾಡಿದೆ.

ಖಾಲಿಜೇಬು:
ಗಂಡಸರ ಕಡೆಯಿಂದ ಒಂದು. 2023ರಲ್ಲಿ ನನ್ನ ಕೆಲಸ ಹೋಯಿತು. ಹನ್ನೊಂದು ತಿಂಗಳು ಮನೆ ನಡೆಸಿದ್ದು ಹೆಂಡತಿ. ಮಗಳನ್ನು ಸ್ಕೂಲಿಗೆ ಬಿಡುವುದು, ಕುಕ್ಕರ್ ಇಡುವುದು, ಅದೆಲ್ಲ ಎರಡು ವಾರದಲ್ಲಿ ಕಲಿತೆ. ಕಲಿಯಲು ಆಗದೇ ಹೋದದ್ದು ಒಂದೇ, ಕಟಿಂಗ್‌ಗೆ 150 ರೂಪಾಯಿ ಕೇಳುವುದು. ನಾಲಿಗೆ ಏಳಲಿಲ್ಲ. ಗಡ್ಡ ಬಿಟ್ಟೆ. ಅವಳು ಸ್ಟೈಲ್ ಅಂದುಕೊಂಡಳು.

ಚಪಾತಿಸುಬ್ಬಿ ಅವರು ಬರೆದ ಮುಖ ನೋಡಿ ಕೇಳುವುದು ಇದೆಯಲ್ಲ, ನನ್ನ ಕೆಲಸ ಹೋಗುವ ಮುಂಚಿನ ಎಂಟು ವರ್ಷ ನನ್ನ ಹೆಂಡತಿ ಅದನ್ನೇ ಮಾಡುತ್ತಿದ್ದಳು. ಹೆರಿಗೆಯಾದ ಮೇಲೆ ಅವಳು ಕೆಲಸ ಬಿಟ್ಟಿದ್ದ ಮೂರು ವರ್ಷವಂತೂ ಪೂರ್ತಿ. ನಾನು ಗಮನಿಸಿಯೇ ಇರಲಿಲ್ಲ. ನನ್ನ ಸರದಿ ಬಂದಾಗ ಅವಳು ಏನು ಮಾಡಿದಳು ಅಂದರೆ, ಒಂದನೇ ತಾರೀಕು ಬಾಯಿಬಿಡದೆ ನನ್ನ ಖಾತೆಗೆ 4,000 ಹಾಕಿದಳು. ತನ್ನ ಖರ್ಚಿಗೆ ಅಂತ ಇಟ್ಟುಕೊಂಡದ್ದೂ 4,000. ಅಷ್ಟೇ ಮೊತ್ತ, ಇಬ್ಬರಿಗೂ.

ಈಗ ನನಗೆ ಮತ್ತೆ ಕೆಲಸ ಇದೆ, ಅವಳಿಗಿಂತ ಸ್ವಲ್ಪ ಜಾಸ್ತಿಯೇ ಬರುತ್ತದೆ. ಆ ಪದ್ಧತಿ ಬಿಟ್ಟಿಲ್ಲ. ಎರಡೂ ಸಂಬಳ ಒಂದೇ ಖಾತೆಗೆ. ಬಾಡಿಗೆ, ಸ್ಕೂಲು, ಎರಡೂ ಕಡೆಯ ಅಪ್ಪ-ಅಮ್ಮ, ಉಳಿತಾಯ ಎಲ್ಲ ಅಲ್ಲಿಂದ. ಆಮೇಲೆ ಇಬ್ಬರಿಗೂ 6,000. ಅದರಲ್ಲಿ ಅವಳು ಸೀರೆ ತಗೊಳ್ಳಲಿ, ನಾನು ಕ್ರಿಕೆಟ್ ಬ್ಯಾಟ್ ತಗೊಳ್ಳಲಿ, ಯಾರೂ ಯಾರನ್ನೂ ಕೇಳುವ ಹಾಗಿಲ್ಲ. ಲೆಕ್ಕದಮೇಷ್ಟ್ರು ಹೇಳಿದ ನೂರಕ್ಕೆ ಇಷ್ಟು ಅನ್ನುವುದು ಚೆನ್ನಾಗಿದೆ, ಆದರೆ ಮಗು ಆದಮೇಲೆ ಒಬ್ಬರು ಮನೆಯಲ್ಲಿ ಕೂತರೆ ಅದು ಮುರಿದು ಬೀಳುತ್ತದೆ. ಸಂಬಳ ಸೊನ್ನೆಯಾದವರ ಪಾಲು ಸೊನ್ನೆ, ಸರಿ. ಆದರೆ ಅವರ ಕೈಯಲ್ಲಿ ಉಳಿಯುವುದೂ ಸೊನ್ನೆ.

ನೇರಮಾತು:
ಎರಡೂ ಸಂಬಳ ಒಂದೇ ಖಾತೆಗೆ ಹಾಕಿ ನಾಳೆ ಒಬ್ಬರು ಎತ್ತಿಕೊಂಡು ಹೋದರೆ?

ಲೆಕ್ಕದಮೇಷ್ಟ್ರು:
ಈ ಪ್ರಶ್ನೆ ಸರಿಯಾಗಿದೆ. ಜಾಯಿಂಟ್ ಖಾತೆಯನ್ನು ಐದರ್ ಆರ್ ಸರ್ವೈವರ್ ಅಂತ ಮಾಡಿಸಿದರೆ ಇಬ್ಬರಲ್ಲಿ ಯಾರು ಬೇಕಾದರೂ ಪೂರ್ತಿ ತೆಗೆಯಬಹುದು. ಇಬ್ಬರ ಸಹಿಯೂ ಬೇಕು ಅಂತಲೂ ಮಾಡಿಸಬಹುದು, ಆದರೆ ದಿನಬಳಕೆಗೆ ಅದು ತಲೆನೋವು. ನನ್ನ ಸಲಹೆ, ತಿಂಗಳ ಖರ್ಚಿನಷ್ಟು ಮಾತ್ರ ಅದರಲ್ಲಿರಲಿ. ಉಳಿತಾಯ ಅವರವರ ಹೆಸರಲ್ಲಿ.

ಇನ್ನೊಂದು, ಇದರಲ್ಲಿ ತುಂಬ ಜನ ಎಡವುತ್ತಾರೆ. ತೆರಿಗೆ ಉಳಿಯುತ್ತದೆ ಅಂತ ಗಂಡ ತನ್ನ ದುಡ್ಡನ್ನು ಹೆಂಡತಿ ಹೆಸರಲ್ಲಿ ಎಫ್‌ಡಿ ಇಡುವುದು. ಬಡ್ಡಿ ಗಂಡನ ಆದಾಯಕ್ಕೇ ಸೇರುತ್ತದೆ, ಕಾನೂನು ಹಾಗಿದೆ. ಅವಳು ತನ್ನ ಸಂಬಳದಿಂದ ಇಟ್ಟರೆ ಮಾತ್ರ ಅವಳದು. ಹಾಗಾಗಿ ಇಬ್ಬರೂ ದುಡಿಯುವ ಮನೆಯಲ್ಲಿ ಹೆಂಡತಿಯ ಸಂಬಳವೆಲ್ಲ ದಿನಸಿಗೆ ಹೋಗಿ ಗಂಡನದು ಉಳಿತಾಯವಾದರೆ ತೆರಿಗೆ ಲೆಕ್ಕದಲ್ಲೂ ಪೆದ್ದುತನ.

ರಸೀದಿಯಿಲ್ಲದವಳು:
ದಿನಸಿ ಅಂದಿರಿ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮದು ಹದಿನಾಲ್ಕು ವರ್ಷದ ಸಂಸಾರ, ಈಗ ಬೇರೆಯಾಗಿದ್ದೇವೆ. ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ಸಂಬಳ. "ಮನೆ ಸಾಲ ನಾನು ಕಟ್ಟುತ್ತೇನೆ, ಮನೆ ಖರ್ಚು ನೀನು ನೋಡಿಕೋ" ಅಂದರು. ತಿಂಗಳ ಲೆಕ್ಕ ಹಾಕಿದರೆ ಇಬ್ಬರದೂ ಸಮವೇ ಇತ್ತು, ಕೆಲವು ತಿಂಗಳು ನನ್ನದೇ ಜಾಸ್ತಿ. ಇಷ್ಟು ನ್ಯಾಯವಾದ ಗಂಡ ಯಾರಿಗಿದ್ದಾನೆ ಅಂದುಕೊಂಡಿದ್ದೆ.

ವಕೀಲರ ಮುಂದೆ ಕೂತಾಗ ಅವರು ಕೇಳಿದ್ದು ಎರಡೇ. ಕ್ರಯಪತ್ರ ಯಾರ ಹೆಸರಲ್ಲಿದೆ? ಸಾಲ ಯಾರ ಖಾತೆಯಿಂದ ಹೋಗಿದೆ? ಎರಡೂ ಅವರದು. ನಾನು ಕಟ್ಟಿದ್ದು ಅಕ್ಕಿ, ಬೇಳೆ, ಮಗನ ಫೀಸು, ಅತ್ತೆಯ ಬಿಪಿ ಮಾತ್ರೆ, ಗಣೇಶನ ಹಬ್ಬದ ಸಾಮಾನು. ಹದಿನಾಲ್ಕು ವರ್ಷ ತಿಂದ ಅನ್ನಕ್ಕೆ ರಸೀದಿ ಎಲ್ಲಿಂದ ತರಲಿ? ಅವರು ಕಟ್ಟಿದ್ದು ಗೋಡೆಯಾಗಿ ನಿಂತಿದೆ, ನಾನು ಕಟ್ಟಿದ್ದು ಜೀರ್ಣವಾಗಿದೆ.

ಕರಗಿಹೋಗುವ ಖರ್ಚು ಒಬ್ಬರಿಗೆ, ಉಳಿಯುವ ಖರ್ಚು ಇನ್ನೊಬ್ಬರಿಗೆ ಅಂತ ಯಾವತ್ತೂ ಹಂಚಿಕೊಳ್ಳಬೇಡಿ. ಎರಡರಲ್ಲೂ ಇಬ್ಬರೂ ಇರಿ.

ಲೆಕ್ಕದಮೇಷ್ಟ್ರು:
ತಾಯೀ, ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮಲ್ಲಿ ಬೇರೆಯಾದಾಗ ಆಸ್ತಿ ತಾನಾಗಿಯೇ ಅರ್ಧ ಆಗುವುದಿಲ್ಲ. ಜೀವನಾಂಶ ಬೇರೆ ವಿಷಯ. ಹೊಸದಾಗಿ ಮನೆ ತಗೊಳ್ಳುವವರು ಕ್ರಯಪತ್ರದಲ್ಲೂ ಸಾಲದಲ್ಲೂ ಇಬ್ಬರ ಹೆಸರು ಹಾಕಿಸಿ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಸಾಲದ ಬಡ್ಡಿಯ ಮೇಲೆ ವರ್ಷಕ್ಕೆ ತಲಾ 2 ಲಕ್ಷದವರೆಗೆ ವಿನಾಯಿತಿಯೂ ಉಂಟು. ಸಾಲದಲ್ಲಿ ಹೆಸರಿದ್ದು ಕ್ರಯಪತ್ರದಲ್ಲಿ ಇಲ್ಲದಿದ್ದರೆ ಅದು ಸಿಗುವುದಿಲ್ಲ. ಕಂತಿನ ಹೊಣೆ ಮಾತ್ರ ಸಿಗುತ್ತದೆ.

ಕಾರವಾರದಮೀನು:
ತಾನಾಗಿ ಅರ್ಧ ಆಗುವ ಜಾಗ ಪಕ್ಕದಲ್ಲೇ ಇದೆ. ನಮ್ಮ ಅಕ್ಕನನ್ನು ಕೊಟ್ಟಿದ್ದು ಮಡಗಾಂವಿಗೆ. ಗೋವಾದಲ್ಲಿ ಪೋರ್ಚುಗೀಸರ ಕಾಲದ ಕಾಯ್ದೆ ಇನ್ನೂ ಇದೆ, ಮದುವೆಗೆ ಮುಂಚೆ ಬೇರೆ ಕರಾರು ಮಾಡಿಕೊಳ್ಳದಿದ್ದರೆ ಆಸ್ತಿ ಇಬ್ಬರಿಗೂ ಸೇರಿದ್ದು. ಅಕ್ಕನ ಸಹಿ ಇಲ್ಲದೆ ಭಾವ ಜಾಗ ಮಾರುವ ಹಾಗಿಲ್ಲ. ಭಾವ ಇದನ್ನು ನಗುತ್ತಾ ಹೇಳುತ್ತಾರೆ, ಆದರೆ ಪೂರ್ತಿ ನಗು ಅಲ್ಲ.

ಅಪ್ಪೆಮಿಡಿ:
ತಿಂಗಳ ಸಂಬಳ ಇರುವವರ ಮಾತೇ ಆಯಿತು. ನಮ್ಮದು ಶಿರಸಿ ಕಡೆ, ಅಡಿಕೆ ತೋಟ. ದುಡ್ಡು ಬರುವುದು ಕೊಯ್ಲಾಗಿ, ಒಣಗಿಸಿ, ಸೊಸೈಟಿಗೆ ಹಾಕಿ, ದರ ಬಂದಾಗ. ಅಷ್ಟರವರೆಗೆ ದಿನಸಿಯೂ ಸೊಸೈಟಿಯಲ್ಲೇ ಖಾತೆಗೆ ಬರೆಸಿ ತರುವುದು. ಖಾತೆ ಮಾವನವರ ಹೆಸರಲ್ಲಿ. ಗಂಡನಿಗೇ ಎಷ್ಟಿದೆ ಅಂತ ಸರಿಯಾಗಿ ಗೊತ್ತಿರುವುದಿಲ್ಲ, ಇನ್ನು ನಾನು ಯಾರನ್ನು ಕೇಳಲಿ? ಅಡಿಕೆ ಸುಲಿಯಲು ರಾತ್ರಿ ಹನ್ನೊಂದರವರೆಗೆ ನಾನೂ ಕೂತಿರುತ್ತೇನೆ. ಹೊರಗಿನವರು ಸುಲಿದರೆ ಲೆಕ್ಕ ಹಾಕಿ ಕೂಲಿ.

ನನ್ನದು ಅಂತ ಇರುವುದು ಡೈರಿ ದುಡ್ಡು. ಎರಡು ಆಕಳು, ಡೈರಿಯ ಪುಸ್ತಕ ನನ್ನ ಹೆಸರಲ್ಲಿ ಮಾಡಿಸಿದ್ದೇನೆ, ಸರ್ಕಾರದ ಲೀಟರಿಗೆ 5 ರೂಪಾಯಿಯೂ ನನ್ನ ಖಾತೆಗೇ. ಜೊತೆಗೆ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ. ತಮಾಷೆ ಏನು ಅಂದರೆ ಹಿಂಡಿ ತಂದದ್ದು ಮಾತ್ರ ಸೊಸೈಟಿ ಖಾತೆಗೆ ಹೋಗುತ್ತದೆ, ಹಾಲಿನ ದುಡ್ಡು ನನಗೆ ಬರುತ್ತದೆ. ಮಾವನವರಿಗೆ ಇನ್ನೂ ಹೊಳೆದಿಲ್ಲ. ಯಾರೂ ಹೇಳಬೇಡಿ.

ಸ್ಟಟ್‌ಗಾರ್ಟ್‌ಸೀನ:
ಅಪ್ಪೆಮಿಡಿ ಅಕ್ಕಾ, ಹಿಂಡಿ ವಿಷಯ ಜರ್ಮನಿಯಲ್ಲೇ ಉಳಿಯುತ್ತದೆ, ಗ್ಯಾರಂಟಿ.

ನಮ್ಮ ಜಗಳ ಬೇರೆ ತರಹ. ಇಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿದರೆ ತೆರಿಗೆಗೆ ವರ್ಗ ಆರಿಸಿಕೊಳ್ಳಬೇಕು. ಜಾಸ್ತಿ ಸಂಬಳದವರು 3, ಕಡಿಮೆಯವರು 5 ಅಂತ ಆರಿಸಿದರೆ 3ನೆಯವರಿಗೆ ತಿಂಗಳಿಗೆ ಕಡಿಮೆ ತೆರಿಗೆ ಕಡಿಯುತ್ತಾರೆ, 5ನೆಯವರಿಗೆ ಸಿಕ್ಕಾಪಟ್ಟೆ ಕಡಿಯುತ್ತಾರೆ. ನಾವೂ ಹಾಗೇ ಮಾಡಿದ್ದೆವು. ಮನೆಗೆ ಬರುವ ಒಟ್ಟು ದುಡ್ಡು ಜಾಸ್ತಿ, ಖುಷಿ. ಆದರೆ ಕೈಗೆ ಬಂದ ಸಂಬಳಕ್ಕೆ ತಕ್ಕ ಹಾಗೆ ಖರ್ಚು ಹಂಚಿಕೊಳ್ಳಲು ಕೂತಾಗ ಹೆಂಡತಿ ಕೇಳಿದಳು, "ನನ್ನ ತೆರಿಗೆ ವಿನಾಯಿತಿಯನ್ನೂ ನೀವೇ ತಿನ್ನುತ್ತಿದ್ದೀರಿ, ಆಮೇಲೆ ನೀನು ಗಳಿಸೋದು ಕಡಿಮೆ ಅಂತೀರಲ್ಲ?" ಹೌದಲ್ವಾ! ಹೆರಿಗೆಯ ಸಮಯದ ಭತ್ಯೆ, ಕೆಲಸ ಹೋದರೆ ಸಿಗುವ ಭತ್ಯೆ ಎರಡೂ ಕೈಗೆ ಬರುವ ಸಂಬಳದ ಮೇಲೆ, ಅಂದರೆ ಅವಳಿಗೆ ಅಲ್ಲೂ ನಷ್ಟ. ವರ್ಷದ ಕೊನೆಗೆ ರಿಟರ್ನ್ ಹಾಕಿದಾಗ ಇಬ್ಬರ ಒಟ್ಟು ತೆರಿಗೆ ಹೇಗೂ ಅಷ್ಟೇ. 4-4ಕ್ಕೆ ಬದಲಾಯಿಸಿದೆವು.

ಪೆನ್ಸಿಲ್‌ಲೆಕ್ಕ:
ನನ್ನ ಯಜಮಾನರು 2021ರ ಮೇ ತಿಂಗಳಲ್ಲಿ ಹೋದರು. ಒಂಬತ್ತು ದಿನ ಆಸ್ಪತ್ರೆ, ಅಷ್ಟೇ. ಅವರ ಮೊಬೈಲ್ ಲಾಕ್ ತೆಗೆಯಲು ನನಗೆ ಬರುತ್ತಿರಲಿಲ್ಲ. ದುಡ್ಡಿನ ವಿಷಯದಲ್ಲಿ ನಮ್ಮಲ್ಲಿ ಒಂದು ದಿನವೂ ಜಗಳ ಆಗಿರಲಿಲ್ಲ, ಯಾಕಂದರೆ ನನಗೆ ಏನೂ ಗೊತ್ತಿರಲಿಲ್ಲ.

ಹನ್ನೊಂದನೇ ದಿನದ ಕಾರ್ಯ ಮುಗಿದ ಮಾರನೇ ದಿನ ಒಬ್ಬರು ಬಂದು ಚೀಟಿ ಕಂತು ಕೇಳಿದರು. ಎತ್ತಿದ ಚೀಟಿಯಂತೆ. ದುಡ್ಡು ಎಲ್ಲಿ ಹೋಯಿತು ಅಂತ ನನಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಸ್ನೇಹಿತರಿಗೆ ಕೈಸಾಲ ಕೊಟ್ಟಿದ್ದೇನೆ ಅಂತ ಯಜಮಾನರು ಒಮ್ಮೆ ಊಟ ಮಾಡುವಾಗ ಹೇಳಿದ್ದು ನೆನಪು. ಯಾವ ಸ್ನೇಹಿತ ಅಂತ ನಾನು ಕೇಳಿರಲಿಲ್ಲ. ಯಾರೂ ಬಂದು ತಾವಾಗಿ ಹೇಳಲಿಲ್ಲ. ಒಂದು ಎಫ್‌ಡಿಗೆ ನಾಮಿನಿ ಮದುವೆಗೆ ಮುಂಚೆ ಬರೆಸಿದ್ದ ಅವರ ತಮ್ಮನ ಹೆಸರೇ ಇತ್ತು. ಮೈದುನ ಒಳ್ಳೆಯವನು, ತಂದುಕೊಟ್ಟ. ಕೊಡದಿದ್ದರೆ?

ಈಗ ನನ್ನ ಹತ್ತಿರ ಒಂದು ನೂರು ಪುಟದ ನೋಟ್‌ಬುಕ್ ಇದೆ. ಬ್ಯಾಂಕು, ಪಾಲಿಸಿ, ಚೀಟಿ, ಯಾರಿಗೆ ಕೊಟ್ಟಿದ್ದು, ಯಾರಿಂದ ತಂದಿದ್ದು. ಪೆನ್ಸಿಲ್‌ನಲ್ಲಿ ಬರೆಯುತ್ತೇನೆ, ಬದಲಾದಾಗ ಅಳಿಸಲು. ಎಲ್ಲಿದೆ ಅಂತ ಮಗಳಿಗೆ ತೋರಿಸಿದ್ದೇನೆ. ಅವಳಿಗೆ ಹದಿನಾರು.

ಲೆಕ್ಕದಮೇಷ್ಟ್ರು:
ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ ತಾಯಿ.

ನಾಮಿನಿ ಅಂದರೆ ಮಾಲೀಕ ಅಲ್ಲ, ವಾರಸುದಾರರ ಪರವಾಗಿ ದುಡ್ಡು ಪಡೆಯುವವನು ಮಾತ್ರ. ನಿಮ್ಮ ಮೈದುನ ಕೊಡಲೇಬೇಕಿತ್ತು, ಆದರೆ ಕೊಡದಿದ್ದರೆ ಕೋರ್ಟು ಅಲೆಯುವವರು ನೀವು. 2025ರ ನವೆಂಬರ್‌ನಿಂದ ಬ್ಯಾಂಕ್ ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು. ಎಲ್ಲರೂ ಈ ವಾರವೇ ನೋಡಿಕೊಳ್ಳಿ.

ಸಂಜೆಮಲ್ಲಿಗೆ, ನಿಮಗೊಂದು ಮಾತು. ಉಯಿಲು ಬರೆಯದೆ ಹಿಂದೂ ಹೆಣ್ಣುಮಗಳು ತೀರಿಕೊಂಡರೆ ಅವಳು ಸ್ವಂತ ಗಳಿಸಿದ್ದು ಮೊದಲು ಗಂಡ, ಮಕ್ಕಳಿಗೆ. ಅವರು ಯಾರೂ ಇಲ್ಲದಿದ್ದರೆ ಗಂಡನ ವಾರಸುದಾರರಿಗೆ. ಹೆತ್ತ ತಾಯಿಯ ಸರದಿ ಅದರ ನಂತರ. 1956ರ ಕಾಯ್ದೆಯೇ ಹಾಗಿದೆ. ಗಂಡಸು ತೀರಿಕೊಂಡರೆ ಅವನ ತಾಯಿಗೆ ಹೆಂಡತಿ ಮಕ್ಕಳ ಜೊತೆ ಸಮಪಾಲು. ನಿಮ್ಮ ಎಕ್ಸೆಲ್ ಶೀಟೂ ಈ ಕಾಯ್ದೆಯೂ ಅಣ್ಣ ತಮ್ಮ ಇದ್ದಂತಿವೆ. ಅಮ್ಮನಿಗೆ ಏನಾದರೂ ತಲುಪಬೇಕು ಅಂತಿದ್ದರೆ ಒಂದು ಉಯಿಲು ಬರೆದಿಡಿ. ಬಿಳಿ ಹಾಳೆ, ಇಬ್ಬರು ಸಾಕ್ಷಿ ಸಾಕು.

ನೇರಮಾತು:
ಸರಿ ಒಪ್ಪಿದೆ. ನನ್ನ ಎಫ್‌ಡಿಗೆ ನಾಮಿನಿ ಯಾರು ಅಂತ ನೋಡಿದೆ. ನಮ್ಮಪ್ಪ. ಹೋಗಿ ಹನ್ನೆರಡು ವರ್ಷ ಆಯಿತು.

ಸಂಜೆಮಲ್ಲಿಗೆ:
ಎಲ್ಲರಿಗೂ ತುಂಬ ಥ್ಯಾಂಕ್ಸ್. ಭಾನುವಾರ ಕೂತು ಮಾತಾಡಿದೆವು. ಈ ಚರ್ಚೆಯನ್ನೇ ಅವರಿಗೆ ಓದಲು ಕೊಟ್ಟೆ. ರಾಗಿ ಡಬ್ಬಿಯ ಹತ್ತಿರ ನಕ್ಕರು, ಪೆನ್ಸಿಲ್ ಹತ್ತಿರ ಬಂದಾಗ ಸುಮ್ಮನಾದರು. ಆಮೇಲೆ ಲ್ಯಾಪ್‌ಟಾಪ್ ತೆಗೆದು "ಊರಿಗೆ" ಅನ್ನುವ ಸಾಲನ್ನು ಬಹಳ ಹೊತ್ತು ನೋಡಿದರು. "ನಾನು ಯೋಚನೆ ಮಾಡಿ ಬರೆದದ್ದಲ್ಲ ಕಣೇ. ಕೆಲಸಕ್ಕೆ ಸೇರಿದಾಗಿನಿಂದ ಇದ್ದ ಶೀಟು, ಅದಕ್ಕೇ ನಿನ್ನ ಹೆಸರಿನ ಕಾಲಂ ಸೇರಿಸಿದೆ ಅಷ್ಟೇ" ಅಂದರು. ಅದು ನಿಜ ಇರಬಹುದು.

ಈಗ "ಊರಿಗೆ" ಎರಡು ಸಾಲಾಗಿದೆ, ಅವರ ಊರು, ನನ್ನ ಊರು. ಪಾಲು ನೂರಕ್ಕೆ 65, 35. ಹಳೆಯ ಎರಡು ವರ್ಷದ್ದು ವಾಪಸ್ ಕೇಳಬೇಕಾ ಅಂತ ಇನ್ನೂ ತೀರ್ಮಾನ ಮಾಡಿಲ್ಲ. ಕೇಳುವುದಿಲ್ಲ ಅನ್ನಿಸುತ್ತದೆ. ಅತ್ತೆಗೆ ಆಗಲೇ ಫೋನ್ ಹೋಗಿದೆ, ಅವರು ನನ್ನ ಹತ್ತಿರ ಹೇಗಿದ್ದೀಯಮ್ಮ ಅಂತ ಎರಡು ಸಲ ಕೇಳಿದರು. ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಗೊತ್ತಿಲ್ಲ.

ರಸೀದಿಯಿಲ್ಲದವಳು:
ಒಳ್ಳೆಯದಾಯಿತು. ಒಂದೇ ಪ್ರಶ್ನೆ. ಕಾರಿನ ಇಎಂಐ 9,500 ಇಬ್ಬರೂ ಕಟ್ಟುತ್ತಿದ್ದೀರಿ ಅಲ್ವಾ. ಆರ್‌ಸಿ ಯಾರ ಹೆಸರಲ್ಲಿದೆ?

ಸಂಜೆಮಲ್ಲಿಗೆ:
ಈಗ ಎದ್ದು ಹೋಗಿ ನೋಡಿ ಬಂದೆ.

ಅವರದೂ ಅಲ್ಲ. ಮಾವನವರದು.